ಅಂಗಾಲಿನಡಿಯ ಲೆಕ್ಕ

ಯಂತ್ರಮಾನವ ಕಂಡರೆ ಎಲ್ಲರೂ ಮುಖ ನೋಡುತ್ತಾರೆ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕ್ಸ್ ಕಲಿಸಿ ನಿವೃತ್ತನಾದ ನನ್ನ ಕಣ್ಣು ಹೋಗುವುದು ಅದರ ಪಾದಕ್ಕೆ. ಐವತ್ತು ವರ್ಷಗಳ ಪಡಿಪಾಟಲೆಲ್ಲ ಅಲ್ಲಿದೆ.

ಟೋಕಿಯೋದ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಅವರ ತಂಡ 1973ರಲ್ಲಿ ವಾಬೋಟ್-1 ಅನ್ನು ನಡೆಸಿತು. ಒಂದು ಹೆಜ್ಜೆಗೆ ಸುಮಾರು 45 ಸೆಕೆಂಡು! ನಗಬೇಡಿ. ಮೈಭಾರವನ್ನೆಲ್ಲ ಒಂದು ಕಾಲಿನ ಮೇಲೆ ತಂದುಕೊಂಡ ಮೇಲೆಯೇ ಅದು ಇನ್ನೊಂದನ್ನು ಎತ್ತುತ್ತಿತ್ತು. ಯಾವ ಗಳಿಗೆಯಲ್ಲಿ ನಿಲ್ಲಿಸಿದರೂ ಬೀಳಬಾರದು, ಅಷ್ಟು ಎಚ್ಚರ. ನಾವೆಲ್ಲಿ ಹಾಗೆ ನಡೆಯುತ್ತೇವೆ? ಮುಂದಕ್ಕೆ ವಾಲಿ, ಬೀಳುವಷ್ಟರಲ್ಲಿ ಇನ್ನೊಂದು ಕಾಲು ಕೊಡುತ್ತೇವೆ.

ಬಿರುಸಾಗಿ ನಡೆದರೆ ತೂಕದ ಜೊತೆಗೆ ಜಡತ್ವವೂ ಎಳೆಯುತ್ತದೆ. ಅದಕ್ಕೊಂದು ಲೆಕ್ಕ ಹಾಕಿಕೊಟ್ಟವರು ಯುಗೊಸ್ಲಾವಿಯಾದವರು. ಬೆಲ್‌ಗ್ರೇಡ್‌ನ ಮಿಹಾಯ್ಲೊ ಪುಪಿನ್ ಸಂಸ್ಥೆಯ ಮಿಯೊಮಿರ್ ವುಕೊಬ್ರಾಟೊವಿಚ್, ಕಾಲಿನ ಸ್ವಾಧೀನ ಕಳೆದುಕೊಂಡವರನ್ನು ನಡೆಸುವ ಯಾಂತ್ರಿಕ ಕವಚಗಳ ಮೇಲೆ ಕೆಲಸ ಮಾಡಿದವರು. 1960ರ ದಶಕದ ಕೊನೆಯಲ್ಲಿ ಅವರು ಕಂಡುಕೊಂಡದ್ದು ಇದು: ತೂಕವೂ ಜಡತ್ವವೂ ಕೂಡಿ ದೇಹವನ್ನು ಮಗುಚಲು ನೋಡುವ ಮೊಮೆಂಟ್ ಸೊನ್ನೆಯಾಗುವ ಬಿಂದುವೊಂದು ನೆಲದ ಮೇಲಿರುತ್ತದೆ. ಅದು ಅಂಗಾಲಿನ ಅಂಚಿನೊಳಗೆ ಇರುವತನಕ ಪಾದ ಗಟ್ಟಿಯಾಗಿ ಊರಿರುತ್ತದೆ. ಅಂಚಿಗೆ ಬಂತೋ, ಓರೆ ಮಾಡಿದ ಕೊಡದ ಹಾಗೆ ಉರುಳತೊಡಗುತ್ತದೆ. ಈ ‘ಶೂನ್ಯ ಮೊಮೆಂಟ್ ಬಿಂದು’ ನಮ್ಮ ಪಠ್ಯದಲ್ಲಿರಲಿಲ್ಲ. ಇದ್ದಿದ್ದರೆ ಆ ಅಧ್ಯಾಯಕ್ಕಾದರೂ ಹುಡುಗರು ತೂಕಡಿಸುತ್ತಿರಲಿಲ್ಲ.

ಹೋಂಡಾ ಕಂಪನಿ 1986ರಲ್ಲಿ ಸದ್ದಿಲ್ಲದೆ ನಡೆಯುವ ಯಂತ್ರದ ಕೆಲಸ ಶುರುಮಾಡಿತು. ಮೊದಲನೆಯ ಇ0 ಅಂದರೆ ಬರೀ ಎರಡು ಕಾಲು, ಹೆಜ್ಜೆಗೆ ಐದು ಸೆಕೆಂಡಿನಷ್ಟು. ಹತ್ತು ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ, 182 ಸೆಂಟಿಮೀಟರ್ ಎತ್ತರದ, 210 ಕಿಲೋ ತೂಗುವ ಪಿ2 ಜನರೆದುರು ನಡೆದು ತೋರಿಸಿತು. ಪೆಟ್ಟು ತಡೆಯಲು ಪಾದದಲ್ಲಿ ರಬ್ಬರ್, ನೆಲದ ಒತ್ತಡ ಅಳೆಯಲು ಸೆನ್ಸರ್. ನೆಲ ಏರುಪೇರಾಗಿದ್ದರೆ ಮೊದಲು ಪಾದದ ಕೀಲು ಹೊಂದಿಕೊಳ್ಳುತ್ತದೆ. ಅದು ಸಾಲದಿದ್ದರೆ ಮೈಯ ಮೇಲ್ಭಾಗವನ್ನು ಬೀಳುವ ಕಡೆಗೇ ಇನ್ನಷ್ಟು ಜೋರಾಗಿ ದೂಡುತ್ತದೆ! ತಲೆಕೆಳಗು ಅನ್ನಿಸುತ್ತದೆ, ಆದರೆ ಆ ವೇಗೋತ್ಕರ್ಷವೇ ಪಾದಕ್ಕೆ ಹಿಡಿತ ಕೊಡುವುದು. ಆಮೇಲೆ ಮುಂದಿನ ಹೆಜ್ಜೆಯ ಜಾಗವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತದೆ. 2000ದಲ್ಲಿ ಬಂದ ಅಸಿಮೊ ಇದೇ ವಂಶದ ಕುಡಿ. ಸದಾ ಮಂಡಿ ಬಗ್ಗಿಸಿ ನಡೆಯುವ ಅದರ ನಡಿಗೆ ನನಗೆ ಎಂದೂ ಹಿಡಿಸಲಿಲ್ಲ.

ಪ್ರಯೋಗಾಲಯದ ನುಣುಪು ನೆಲ ಬಿಟ್ಟು ಬಂದಾಗಿನ ಪರೀಕ್ಷೆ ನಡೆದದ್ದು 2015ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ. ಫುಕುಶಿಮಾ ಅಣುಸ್ಥಾವರದ ದುರಂತದ ಬಳಿಕ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಏರ್ಪಡಿಸಿದ್ದ, ಎಂಟು ಕೆಲಸಗಳ ಸ್ಪರ್ಧೆ. ಯಂತ್ರಗಳು ಬಾಗಿಲು ತೆರೆಯಲು ಹೋಗಿ ಬಿದ್ದವು, ಕಲ್ಲುಮಣ್ಣಿನಲ್ಲಿ ಎಡವಿ ಬಿದ್ದವು. ಗೆದ್ದದ್ದು ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಹುಬೊ. ಮೆಟ್ಟಿಲನ್ನು ಕಾಲಿನಲ್ಲೇ ಹತ್ತಿತು. ಸಮನೆಲ ಸಿಕ್ಕಲ್ಲಿ ಮಂಡಿಯೂರಿ, ಅಲ್ಲಿದ್ದ ಚಕ್ರಗಳ ಮೇಲೆ ಸಾಗಿತು. ಎಂಟೂ ಕೆಲಸ 45 ನಿಮಿಷದೊಳಗೆ ಮುಗಿಯಿತು, 20 ಲಕ್ಷ ಡಾಲರ್ ಬಹುಮಾನ ಬಂತು. ಎರಡು ಕಾಲಿನ ಯಂತ್ರಕ್ಕೆ ಇದು ಅಡ್ಡದಾರಿ ಅನ್ನುವವರಿರಬಹುದು. ಉತ್ತರಪತ್ರಿಕೆ ನನ್ನ ಕೈಗೆ ಬಂದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.