ಕಾಪಿ ಪೇಸ್ಟ್‌ನ ಕಥೆ ಮತ್ತು ಅಂಟದ ಕನ್ನಡ

ಸ್ಟ್ರಿಂಗರ್‌ಗಳಾದ ನಾವು ದಿನಕ್ಕೆ ಎಷ್ಟು ಸಲ ಕಾಪಿ, ಪೇಸ್ಟ್ ಮಾಡುತ್ತೇವೋ ಲೆಕ್ಕವಿಲ್ಲ. ಆದರೆ ಕಟ್, ಪೇಸ್ಟ್ ಎಂಬ ಮಾತುಗಳು ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ನಮ್ಮದೇ ಕಸುಬಿನಲ್ಲಿ. ಮೂರನೇ ಪ್ಯಾರಾ ಮೊದಲಿಗೆ ಬರಬೇಕೆಂದರೆ ಹಿಂದಿನ ಉಪಸಂಪಾದಕರು ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ, ಗೋಂದು ಹಚ್ಚಿ ಬೇರೆ ಹಾಳೆಗೆ ಅಂಟಿಸುತ್ತಿದ್ದರು.

ಅದನ್ನು ಪರದೆಗೆ ತಂದವರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್. 1970ರ ದಶಕದ ನಡುವಿನಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ. (ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗಳಿಗೆಲ್ಲ ಹೆಸರು ಕೊಟ್ಟ ಅದೇ ಜೆರಾಕ್ಸ್.) ಆ ಕಂಪನಿಯ ಒಡೆತನದಲ್ಲಿದ್ದ ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ ಇಬ್ಬರೂ ‘ಜಿಪ್ಸಿ’ ಎಂಬ ತಂತ್ರಾಂಶ ರೂಪಿಸಿದರು.

ಅದಕ್ಕೂ ಮುಂಚೆ ಅಲ್ಲೇ ‘ಬ್ರಾವೋ’ ಎಂಬುದಿತ್ತು. ಅದರಲ್ಲಿ ಒಂದೇ ಕೀಲಿ ಒಮ್ಮೆ ಅಕ್ಷರ, ಇನ್ನೊಮ್ಮೆ ಆಜ್ಞೆ. ಆಜ್ಞೆಯ ಸ್ಥಿತಿಯಲ್ಲಿರುವುದನ್ನು ಮರೆತು ಇಂಗ್ಲಿಷಿನಲ್ಲಿ ‘ಎಡಿಟ್’ ಎಂದು ಟೈಪ್ ಮಾಡಿದಿರೋ, ಕೆಟ್ಟಿರಿ. ಇ ಅಂದರೆ ಎಲ್ಲವನ್ನೂ ಆರಿಸು, ಡಿ ಅಂದರೆ ಅಳಿಸು, ಐ ಅಂದರೆ ಸೇರಿಸು. ಇಡೀ ಲೇಖನ ಹೋಗಿ ಪರದೆ ಮೇಲೆ ಕೊನೆಯ ‘ಟಿ’ ಒಂದೇ ಉಳಿಯುತ್ತಿತ್ತು! ಟೆಸ್ಲರ್‌ಗೆ ಇಂಥದ್ದು ಕಂಡರಾಗದು. ಜಿಪ್ಸಿಯಲ್ಲಿ ಅಕ್ಷರ ಒತ್ತಿದರೆ ಅಕ್ಷರವೇ ಬರುತ್ತದೆ. ಮೌಸ್‌ನಿಂದ ಸಾಲು ಆರಿಸಿ, ಕಟ್ ಮಾಡಿ, ಬೇಕಾದಲ್ಲಿ ಪೇಸ್ಟ್ ಮಾಡಿದರಾಯಿತು. 1980ರಲ್ಲಿ ಅವರು ಆ್ಯಪಲ್ ಸೇರಿದರು. 1983ರ ಲೀಸಾ, 1984ರ ಮ್ಯಾಕಿಂಟಾಷ್ ಮೂಲಕ ಇದು ಜನರ ಕೈಗೆ ಬಂತು.

ಕನ್ನಡದಲ್ಲಿ ಮಾತ್ರ ಇದು ಬಹಳ ಕಾಲ ಅರ್ಧ ಕೆಲಸವಾಗಿಯೇ ಉಳಿಯಿತು. ಕಾಪಿ ಮಾಡಿದಾಗ ಕಂಪ್ಯೂಟರ್ ಹೊತ್ತೊಯ್ಯುವುದು ಅಕ್ಷರದ ಚಿತ್ರವನ್ನಲ್ಲ, ಅದರ ಸಂಖ್ಯೆಯನ್ನು. ನುಡಿ, ಬರಹದ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಅಂಟಿಸಿದರೆ ಕಲಸುಮೇಲೋಗರ. ಹೀಗೆ ಬಂದ ಪತ್ರಿಕಾ ಪ್ರಕಟಣೆಗಳನ್ನು ನಮ್ಮಲ್ಲಿ ಎಷ್ಟೋ ಮಂದಿ ಪ್ರಿಂಟ್ ತೆಗೆಸಿ ಮತ್ತೆ ಟೈಪ್ ಮಾಡಿದ್ದೇವೆ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗ ಕೊಟ್ಟಿತ್ತು. ಪುಟ ಕಟ್ಟುವ ತಂತ್ರಾಂಶಗಳು ಅದನ್ನು ಒಪ್ಪಿಕೊಳ್ಳಲು ತಡಮಾಡಿದವು. ಪತ್ರಿಕೆ, ಡಿಟಿಪಿ ಅಂಗಡಿಗಳು ಹಳೆಯ ಫಾಂಟ್‌ಗೇ ಅಂಟಿಕೊಂಡವು.

ಹಳೆಯ ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಹೆಚ್ಚು ಕಾಡುವುದು ಅರ್ಕಾವತ್ತು. ಕಣ್ಣಿಗೆ ಅದು ಅಕ್ಷರದ ಬಲಕ್ಕಿದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತನೆ ಎಡವಿದರೆ, ಇಲ್ಲವೇ ನೋಡಲು ಸರಿಯಿದ್ದರೆ ಸಾಕೆಂದು ಯಾರೋ ಕನ್ನಡದ ಒಂಬತ್ತನ್ನು ಒತ್ತಿದರೆ ‘ಕನಾ೯ಟಕ’ ಆಗುತ್ತದೆ. ಓದುವವರು ಗಮನಿಸುವುದೂ ಇಲ್ಲ. ‘ಕರ್ನಾಟಕ’ ಎಂದು ಹುಡುಕಿದವರಿಗೆ ಮಾತ್ರ ಆ ವರದಿ ಸಿಗುವುದಿಲ್ಲ.