ಅಚ್ಚು ಮತ್ತು ಅಲಗು: ಮುದ್ರಿತ ಚಿತ್ರಗಳ ನಿಖರ ಕರ್ತನದ ಚರಿತ್ರೆ

ಮುದ್ರಣಕಲೆಯ ಚರಿತ್ರೆಯನ್ನು ಬರೆದ ವಿದ್ವಾಂಸರು ಅಚ್ಚುಮೊಳೆ, ಕಾಗದ, ಮಸಿ, ಯಂತ್ರ ಇವುಗಳ ವಿಷಯವಾಗಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ಮುದ್ರಣವಾದ ತರುವಾಯ ಹಾಳೆಯನ್ನು ಕತ್ತರಿಸುವ ಕಾರ್ಯವನ್ನು ಮಾತ್ರ ಗೌಣವೆಂದು ಬಗೆದು ಬಿಟ್ಟುಬಿಡುವುದು ರೂಢಿಯಾಗಿದೆ. ಆದರೆ ಅಂಚೆ ಚೀಟಿ, ಔಷಧದ ಪೆಟ್ಟಿಗೆ, ಲಗ್ನಪತ್ರಿಕೆ ಮೊದಲಾದವು ಬಳಕೆಗೆ ಒದಗಬೇಕಾದರೆ ಅವುಗಳನ್ನು ಅಚ್ಚಿನ ಗೆರೆಯನ್ನನುಸರಿಸಿ ಕತ್ತರಿಸಲೇಬೇಕು. ಇಂದು ಈ ಕಾರ್ಯವನ್ನು ಲೇಸರ್ ಕಿರಣದಿಂದ ನೆರವೇರಿಸುವ ಯಂತ್ರಗಳು ಸಣ್ಣ ಕಾರ್ಯಾಗಾರಗಳಿಗೂ ಬಂದಿವೆ. ಇವನ್ನು ಹೆಚ್ಚು ಹರಿತವಾದ ಕತ್ತರಿಯೆಂದು ಭಾವಿಸುವುದು ಸುಲಭ. ಆದರೆ ಕರ್ತನದ ಇತಿಹಾಸದಲ್ಲಿ ಅಲಗಿನ ಹರಿತಕ್ಕಿಂತಲೂ ಪ್ರಧಾನವಾದ ಸಮಸ್ಯೆ ಮತ್ತೊಂದಿದೆ: ಹಾಳೆಯ ಮೇಲೆ ಚಿತ್ರವು ಎಲ್ಲಿದೆಯೆಂಬುದನ್ನು ಅಲಗಿಗೆ ತಿಳಿಸುವ ಬಗೆ ಹೇಗೆ? ಈ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಉತ್ತರ ಮನುಷ್ಯನ ಕಣ್ಣು. 1760ರ ದಶಕದಲ್ಲಿ ಲಂಡನ್ನಿನ ಭೂಪಟ ಕೆತ್ತನೆಗಾರನಾದ ಜಾನ್ ಸ್ಪಿಲ್ಸ್‌ಬರಿ ಎಂಬುವನು ಮುದ್ರಿತ ಭೂಪಟಗಳನ್ನು ತೆಳುವಾದ ಹಲಗೆಯ ಮೇಲೆ ಅಂಟಿಸಿ, ರಾಜ್ಯಗಳ ಎಲ್ಲೆಗೆರೆಗಳ ಮೇಲೆಯೇ ಗರಗಸವನ್ನಾಡಿಸಿ, ಮಕ್ಕಳ ಭೂಗೋಳ ಶಿಕ್ಷಣಕ್ಕಾಗಿ ಮಾರಿದನು. ಗರಗಸದ ಹಲ್ಲು ದಪ್ಪ, ಕೆಲಸ ನಿಧಾನ. ಆದರೂ ಕಾಗದವು ಅಂಟಿನ ತೇವದಿಂದ ಹಿಗ್ಗಿದರೂ ಸೊಟ್ಟಗೆ ಅಂಟಿಕೊಂಡರೂ ಕುಶಲಿಯ ಕಣ್ಣು ಕಾಗದದ ಅಳತೆಯನ್ನು ಲೆಕ್ಕಿಸದೆ ಗೆರೆಯನ್ನೇ ಹಿಂಬಾಲಿಸುತ್ತಿದ್ದುದರಿಂದ ದೋಷವು ತಾನಾಗಿಯೇ ಪರಿಹಾರವಾಗುತ್ತಿತ್ತು. ಪ್ರತಿಯೊಂದು ಹಾಳೆಯೂ ಪ್ರತ್ಯೇಕವಾಗಿ ನೋಡಲ್ಪಡುತ್ತಿತ್ತೆಂಬುದು ಇಲ್ಲಿ ಗಮನಾರ್ಹ.

ಮುದ್ರಿತ ವಸ್ತುವಿನ ಪ್ರಮಾಣ ಲಕ್ಷಗಟ್ಟಲೆ ಬೆಳೆದಾಗ ಈ ಉತ್ತರ ಸಾಲದಾಯಿತು. ಇದಕ್ಕೆ ಅತ್ಯುತ್ತಮ ನಿದರ್ಶನ ಬ್ರಿಟನ್ನಿನ ಅಂಚೆ ಚೀಟಿ. 1840ನೆಯ ಇಸವಿ ಮೇ 1ರಂದು ಹೊರಬಿದ್ದ ಒಂದು ಪೆನ್ನಿಯ ಕಪ್ಪು ಚೀಟಿಯ ಹಾಳೆಯಲ್ಲಿ ಅಡ್ಡಸಾಲಿಗೆ 12ರಂತೆ 20 ಸಾಲುಗಳು, ಒಟ್ಟು 240 ಚೀಟಿಗಳಿದ್ದವು. 12 ಪೆನ್ನಿಗೆ ಒಂದು ಷಿಲಿಂಗು, 20 ಷಿಲಿಂಗಿಗೆ ಒಂದು ಪೌಂಡು ಎಂಬ ಅಂದಿನ ನಾಣ್ಯಗಣನೆಗೆ ಇದು ಸರಿಹೊಂದುತ್ತಿತ್ತು. ಚೀಟಿಗಳ ನಡುವೆ ತೂತುಗಳಿರಲಿಲ್ಲ. ಅಂಚೆಯ ನೌಕರರೂ ಸಾರ್ವಜನಿಕರೂ ಕತ್ತರಿಯಿಂದಲೇ ಅವನ್ನು ಬೇರ್ಪಡಿಸಬೇಕಾಗಿತ್ತು. ಇಂದಿನ ಸಂಗ್ರಾಹಕರು ನಾಲ್ಕು ಕಡೆಯಲ್ಲಿಯೂ ಬಿಳಿಯ ಅಂಚುಳ್ಳ ಪ್ರತಿಗೆ ಹೆಚ್ಚಿನ ಬೆಲೆ ಕೊಡುವುದು ಈ ಕಾರಣದಿಂದ.

ಹೆನ್ರಿ ಆರ್ಚರ್ ಎಂಬ ಐರ್ಲೆಂಡಿನವನು 1847ರಲ್ಲಿ ಚೀಟಿಗಳನ್ನು ಬೇರ್ಪಡಿಸುವ ಯಂತ್ರದ ಯೋಜನೆಯನ್ನು ಅಂಚೆ ಇಲಾಖೆಗೆ ಒಪ್ಪಿಸಿದನು. ಸಣ್ಣ ಅಲಗುಗಳಿಂದ ಸೀಳುಗಳನ್ನು ಮಾಡುವ ಆತನ ಮೊದಲ ಯಂತ್ರಗಳು ಫಲಿಸಲಿಲ್ಲ. ಬಳಿಕ ಉಕ್ಕಿನ ಮೊಳೆಗಳು ಮೇಲಿನಿಂದ ಇಳಿದು, ಕೆಳಗಿನ ತಟ್ಟೆಯ ರಂಧ್ರಗಳೊಳಕ್ಕೆ ಹೊಕ್ಕು, ನಡುವಣ ಕಾಗದದಲ್ಲಿ ತೂತುಗಳ ಸಾಲನ್ನು ಕೊರೆಯುವ ಯಂತ್ರವನ್ನು ರಚಿಸಿದನು. ಸರ್ಕಾರ ಮೊದಲು ಸೂಚಿಸಿದ ಅಲ್ಪ ಮೊತ್ತವನ್ನು ಆತನು ಒಪ್ಪಲಿಲ್ಲ. 1852ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಸಿತು. ಮರುವರ್ಷ 4,000 ಪೌಂಡುಗಳಿಗೆ ಹಕ್ಕನ್ನು ಕೊಳ್ಳಲಾಯಿತು. 1854ರಿಂದ ತೂತುಸಾಲಿನ ಚೀಟಿಗಳು ಅಧಿಕೃತವಾಗಿ ಬಳಕೆಗೆ ಬಂದವು.

ಯಂತ್ರ ಸಿದ್ಧವಾಯಿತು, ತೊಡಕು ಮುಗಿಯಲಿಲ್ಲ. ಆ ಕಾಲದ ಒಂದು ಪೆನ್ನಿಯ ಕೆಂಪು ಚೀಟಿಗಳನ್ನು ನೋಡಿದರೆ ತೂತುಗಳ ಸಾಲು ಎಷ್ಟೋ ವೇಳೆ ಚಿತ್ರವನ್ನೇ ಕಡಿದುಹಾಕಿರುವುದು ಕಾಣುತ್ತದೆ. ಇದನ್ನು ಕೆಲಸಗಾರರ ಅಜಾಗರೂಕತೆಯೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಉಕ್ಕಿನ ಫಲಕದ ಮೇಲೆ 240 ಚಿತ್ರಗಳನ್ನೂ ಒಂದೊಂದಾಗಿ ಒತ್ತಿ ಮೂಡಿಸುತ್ತಿದ್ದುದರಿಂದ ಅವುಗಳ ನಡುವಣ ಅಂತರ ಎಲ್ಲೆಡೆಯೂ ಸಮವಾಗಿರಲಿಲ್ಲ. ಮೇಲಾಗಿ, ಕೆತ್ತಿದ ಫಲಕದಿಂದ ಅಚ್ಚು ತೆಗೆಯಲು ಕಾಗದವನ್ನು ಒದ್ದೆ ಮಾಡಬೇಕಾಗಿತ್ತು. ಒಣಗಿದಾಗ ಅದು ಕುಗ್ಗುತ್ತಿತ್ತು. ಹಿಂಬದಿಗೆ ಗೋಂದು ಬಳಿದಾಗ ಮತ್ತೆ ತೇವಗೊಂಡು ಮತ್ತೆ ಒಣಗುತ್ತಿತ್ತು. ಕಾಗದದ ನಾರುಗಳು ಉದ್ದಕ್ಕಿಂತ ಅಡ್ಡಡ್ಡಲಾಗಿ ಹೆಚ್ಚು ಹಿಗ್ಗಿ ಕುಗ್ಗುವುದರಿಂದ ಹಾಳೆಯ ಉದ್ದಗಲಗಳ ಬದಲಾವಣೆಯೂ ಒಂದೇ ಪ್ರಮಾಣದಲ್ಲಿರಲಿಲ್ಲ. ಉಕ್ಕಿನ ಮೊಳೆಗಳ ಅಂತರವಾದರೋ ಸ್ಥಿರವಾದುದು. ಸ್ಥಿರವಾದ ಅಳತೆಯ ಯಂತ್ರವೂ ಅಸ್ಥಿರವಾದ ಕಾಗದವೂ ಸಂಧಿಸಿದಾಗ ಹುಟ್ಟಿದ ವಿರೋಧವೇ ಆ ಕಡಿದ ಚಿತ್ರಗಳು.

ನಮ್ಮ ದೇಶದಲ್ಲಿಯೂ ಇದೇ ಸಮಸ್ಯೆ ಬೇರೊಂದು ರೂಪದಲ್ಲಿ ತಲೆದೋರಿತು. 1854ರಲ್ಲಿ ಕಲ್ಕತ್ತೆಯ ಸರ್ವೆಯರ್ ಜನರಲ್ ಕಚೇರಿಯಲ್ಲಿ ಕಲ್ಲಚ್ಚಿನಿಂದ ಮುದ್ರಿತವಾದ ಚೀಟಿಗಳಿಗೆ ತೂತುಸಾಲು ಇರಲಿಲ್ಲ. ಆ ಪೈಕಿ ನಾಲ್ಕಾಣೆಯ ಚೀಟಿಯಲ್ಲಿ ಕೆಂಪು ಚೌಕಟ್ಟನ್ನೂ ನೀಲಿಯ ರಾಣಿಯ ತಲೆಯನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕಬೇಕಾಗಿತ್ತು. ಎರಡನೆಯ ಸಲ ಹಾಳೆಯನ್ನು ತಿರುಗುಮುರುಗಾಗಿ ಇಟ್ಟುದರಿಂದ ತಲೆಕೆಳಗಾದ ರಾಣಿಯ ಚಿತ್ರವುಳ್ಳ ಕೆಲವು ಪ್ರತಿಗಳು ಹುಟ್ಟಿ ಜಗತ್ಪ್ರಸಿದ್ಧವಾಗಿವೆ. ಒಂದು ಕ್ರಿಯೆ ಮುಗಿದ ಹಾಳೆಯನ್ನು ಎರಡನೆಯ ಕ್ರಿಯೆಗೆ ಯಥಾಸ್ಥಾನದಲ್ಲಿ ಇಡುವುದು, ಆ ಕ್ರಿಯೆ ಮುದ್ರಣವಾಗಲಿ ಕರ್ತನವಾಗಲಿ, ಎಷ್ಟು ಕಷ್ಟವೆಂಬುದಕ್ಕೆ ಇದೊಂದು ಸಾಕ್ಷಿ.

ಮುಂದಿನ ನೂರು ವರ್ಷಗಳ ಕೈಗಾರಿಕೆ ಈ ವಿರೋಧವನ್ನು ಪರಿಹರಿಸುವುದಕ್ಕಿಂತ ಹೆಚ್ಚಾಗಿ ಸಹಿಸಿಕೊಂಡಿತು. ರಟ್ಟಿನ ಪೆಟ್ಟಿಗೆಗಳಿಗಾಗಿ ಉಕ್ಕಿನ ಪಟ್ಟಿಗಳನ್ನು ಹಲಗೆಯಲ್ಲಿ ಬಿಗಿದು ಮಾಡಿದ ಡೈಗಳು ಬಂದವು. ಅವುಗಳ ಆಕಾರವೂ ಒಮ್ಮೆ ಮಾಡಿದ ಮೇಲೆ ಬದಲಾಗದು. ಆದುದರಿಂದ ಮುದ್ರಕರು ಬಣ್ಣವನ್ನು ಕತ್ತರಿಸುವ ಗೆರೆಯಿಂದ ಆಚೆಗೆ, ಸಾಮಾನ್ಯವಾಗಿ 3 ಮಿಲಿಮೀಟರಿನಷ್ಟು, ಹರಿಯಬಿಡುವ ಪದ್ಧತಿಯನ್ನು ರೂಢಿಸಿಕೊಂಡರು. ಅಲಗು ತಪ್ಪಿದರೂ ಬಿಳಿಯಂಚು ಕಾಣಬಾರದೆಂಬ ಈ ಮುಂಜಾಗ್ರತೆ ಯಂತ್ರಯುಗವು ತನ್ನ ಮಿತಿಯನ್ನು ತಾನೇ ಒಪ್ಪಿಕೊಂಡುದರ ಕುರುಹು.

1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಕೆಂಪುಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದನು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲರು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈ ಆಕ್ಸೈಡ್ ಲೇಸರನ್ನು ನಿರ್ಮಿಸಿದರು. 10.6 ಮೈಕ್ರೋಮೀಟರ್ ತರಂಗದೂರದ ಆ ಕಿರಣವನ್ನು ಕಾಗದ, ಮರ, ಬಟ್ಟೆಗಳು ಚೆನ್ನಾಗಿ ಹೀರಿಕೊಳ್ಳುತ್ತವೆ. ಇಂದಿನ ಕಾಗದ ಕತ್ತರಿಸುವ ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ. ಕಿರಣವು ಕಾಗದವನ್ನು ಒತ್ತುವುದಿಲ್ಲ, ಎಳೆಯುವುದಿಲ್ಲ. ಅದರ ಆಕಾರವನ್ನು ಉಕ್ಕಿನಲ್ಲಿ ಮೊದಲೇ ಬಿಗಿಯಬೇಕಾಗಿಯೂ ಇಲ್ಲ.

ಆದರೂ ಕಿರಣವು ಸ್ವತಃ ಕುರುಡು. ಗಣಕಯಂತ್ರದ ನಕ್ಷೆ ಹೇಳಿದ ಸ್ಥಳವನ್ನು ಅದು ಸುಡುತ್ತದೆ. ಅಲ್ಲಿ ಚಿತ್ರದ ಅಂಚು ಇದೆಯೇ ಎಂದು ಅರಿಯದು. ಹಾಳೆಯನ್ನು ಒಂದು ಡಿಗ್ರಿಯ ಹತ್ತರಲ್ಲೊಂದು ಭಾಗ ಓರೆಯಾಗಿ ಇಟ್ಟರೆ 400 ಮಿಲಿಮೀಟರ್ ದೂರದಲ್ಲಿ 0.7 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. 420 ಮಿಲಿಮೀಟರ್ ಉದ್ದದ ಹಾಳೆ ಮುದ್ರಣಯಂತ್ರದ ಶಾಖದಿಂದ ಸಾವಿರಕ್ಕೆ ಎರಡು ಪಾಲು ಕುಗ್ಗಿದರೆ 0.84 ಮಿಲಿಮೀಟರ್ ತಪ್ಪುತ್ತದೆ. ಆರ್ಚರನ ತೊಡಕು ಇಲ್ಲಿಯೂ ಹಾಗೆಯೇ ಉಳಿದಿದೆ.

ಇದಕ್ಕೆ ದೊರೆತ ಪರಿಹಾರವೆಂದರೆ ಚಿತ್ರದೊಂದಿಗೆ ಒಂದೇ ಸಲಕ್ಕೆ ಅಚ್ಚಾಗುವ ಗುರುತುಗಳು. ಯಂತ್ರದ ಕ್ಯಾಮೆರಾ ಹಾಳೆಯ ಮೂಲೆಗಳಲ್ಲಿರುವ ಗುರುತುಗಳನ್ನು ಹುಡುಕಿ, ಅವು ಇರಬೇಕಾದ ಸ್ಥಾನವನ್ನು ಈಗ ಇರುವ ಸ್ಥಾನದೊಡನೆ ಹೋಲಿಸುತ್ತದೆ. ಎರಡು ಗುರುತುಗಳಿದ್ದರೆ ಹಾಳೆಯ ಜರುಗುವಿಕೆ, ಓರೆ, ಒಟ್ಟು ಹಿಗ್ಗು ಇವು ತಿಳಿಯುತ್ತವೆ. ಒಂದೇ ಗೆರೆಯಲ್ಲಿಲ್ಲದ ಮೂರನೆಯ ಗುರುತೊಂದಿದ್ದರೆ ಉದ್ದಕ್ಕೂ ಅಗಲಕ್ಕೂ ಆಗಿರುವ ಬೇರೆ ಬೇರೆ ಕುಗ್ಗುವಿಕೆಯೂ ತಿಳಿಯುತ್ತದೆ. ಅನಂತರ ನಕ್ಷೆಯನ್ನೇ ಆ ಹಾಳೆಗೆ ತಕ್ಕಂತೆ ತಿರುಗಿಸಿ, ಹಿಗ್ಗಿಸಿ, ಕಿರಣವನ್ನು ನಡೆಸಲಾಗುತ್ತದೆ. ಕಿರಣವು ಸುಟ್ಟುಹಾಕುವ ಅಗಲ 0.2 ಮಿಲಿಮೀಟರ್ ಆದರೆ ಅದರಲ್ಲಿ ಅರ್ಧದಷ್ಟು, ಎಂದರೆ 0.1 ಮಿಲಿಮೀಟರ್, ಗೆರೆಯಿಂದ ಹೊರಗೆ ಸರಿದು ನಡೆಯಬೇಕೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗುರುತುಗಳನ್ನು ಚಿತ್ರದಿಂದ ಬೇರೆಯಾಗಿ ಅಚ್ಚು ಹಾಕಿದರೆ, ಇಲ್ಲವೆ ಕ್ಯಾಮೆರಾದ ಅಳತೆಯನ್ನೇ ಮೊದಲು ತಾಳೆ ನೋಡದಿದ್ದರೆ, ಈ ಎಲ್ಲ ಗಣಿತವೂ ವ್ಯರ್ಥ.

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯವಿಷ್ಟು. ಸ್ಪಿಲ್ಸ್‌ಬರಿಯ ಕಣ್ಣು ಹಾಳೆಗಳನ್ನು ಒಂದೊಂದಾಗಿ ನೋಡಿತು. ಆರ್ಚರನ ಯಂತ್ರ ಎಲ್ಲ ಹಾಳೆಗಳೂ ಒಂದೇ ಎಂದು ಭಾವಿಸಿ ವೇಗವನ್ನು ಗಳಿಸಿತು, ನಿಖರತೆಯಲ್ಲಿ ತೆತ್ತಿತು. ಲೇಸರ್ ಯಂತ್ರ ಪ್ರತಿ ಹಾಳೆಯನ್ನೂ ಮತ್ತೆ ಪ್ರತ್ಯೇಕವಾಗಿ ಅಳೆಯುತ್ತದೆ. ತಂತ್ರಜ್ಞಾನದ ಪ್ರಗತಿ ನೇರವಾದ ಗೆರೆಯೆಂದು ಪಾಠ ಹೇಳುವ ನಾವು ಈ ಹಿಂದಿರುಗುವಿಕೆಯನ್ನು ಗಮನಿಸಬೇಕು. ಮುದ್ರಿತ ವಸ್ತುವನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿಗಳು ಅದರ ಬರಹವನ್ನು ಓದುವಂತೆಯೇ ಅಂಚನ್ನೂ ಓದುವುದನ್ನು ಕಲಿಯಬೇಕು. ಓರೆಯಾದ ಒಂದು ತೂತುಸಾಲು ಆ ಕಾಲದ ಕಾಗದ, ಯಂತ್ರ, ದುಡಿಮೆ ಮೂರರ ವಿಷಯವಾಗಿಯೂ ಸಾಕ್ಷ್ಯ ನುಡಿಯಬಲ್ಲುದು. ಅದನ್ನು ಯಾರೋ ಒಬ್ಬ ಅಜ್ಞಾತ ಕೆಲಸಗಾರನ ತಪ್ಪೆಂದು ಬರೆದುಬಿಡುವ ಮೊದಲು ಕಾಗದವನ್ನೊಮ್ಮೆ ವಿಚಾರಿಸುವುದು ಚರಿತ್ರಕಾರನ ಕರ್ತವ್ಯ.