ಫಿಲ್ಟರ್ ಹಾಕಿದರೆ ಸಿಗದ ಪಹಣಿ

ಎಕ್ಸೆಲ್‌ನಲ್ಲಿ 12/2 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಸರ್ವೆ ನಂಬರ್ 12ರ ಎರಡನೇ ಹಿಸ್ಸೆ ಕಣ್ಣೆದುರೇ ತಾರೀಖಾಗಿಬಿಡುತ್ತದೆ. ಆಮೇಲೆ '12/' ಎಂದು ಶುರುವಾಗುವ ಸಾಲುಗಳನ್ನು ಕೇಳಿದರೆ ಇದೊಂದು ಬರುವುದಿಲ್ಲ. ಜಮೀನು ಶ್ರೀನಿವಾಸಪುರದ ಮಾವಿನ ತೋಪಿನಲ್ಲೇ ಇದೆ, ಸಾಲೂ ಫೈಲಿನಲ್ಲೇ ಇದೆ. ಆದರೂ ಕೇಳಲು ಬಂದವರಿಗೆ 'ಇಲ್ಲ' ಎಂಬ ಉತ್ತರ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟರೆ ಈ ತೊಂದರೆಯಿಲ್ಲ.

ಬೇಕಾದ ಸಾಲುಗಳನ್ನಷ್ಟೇ ತೋರಿಸುವ ಈ ಫಿಲ್ಟರ್ ಹಳೆಯದು. 1980ರ ದಶಕದ ಡೇಟಾಬೇಸ್ ತಂತ್ರಾಂಶ ಡಿಬೇಸ್‌ನಲ್ಲಿ ಫಿಲ್ಟರ್ ಅಂದರೆ ಟೈಪ್ ಮಾಡುವ ಒಂದು ಆಜ್ಞೆ. 2002ರಲ್ಲಿ ಡಾಟ್‌ನೆಟ್ ಬಂದು ಸಾಲು ಆರಿಸುವ ರೋಫಿಲ್ಟರ್ ಕೊಟ್ಟಿತು, 2005ರಲ್ಲಿ ಸಾಲುಗಳನ್ನು ತೋರಿಸುವ ಗ್ರಿಡ್ ಡೇಟಾಗ್ರಿಡ್‌ವ್ಯೂ ಬಂತು. ಮರುವರ್ಷದ ಡಬ್ಲ್ಯೂಪಿಎಫ್‌ನಲ್ಲಿ ಯಾವ ಸಾಲು ತೋರಿಸಬೇಕೆಂದು ನಾವೇ ಫಂಕ್ಷನ್ ಬರೆಯಬಹುದಾಯಿತು.

ಡಾಟ್‌ನೆಟ್ ಬಂದ ಕಾಲಕ್ಕೇ ಎನ್‌ಐಸಿ ರೂಪಿಸಿದ 'ಭೂಮಿ' ತಂತ್ರಾಂಶ ನಮ್ಮ ತಾಲ್ಲೂಕು ಕಚೇರಿಗಳಿಗೆ ಬಂದಿತ್ತು. ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೇರಿ, 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಕನ್ನಡದ ಹೆಸರನ್ನು ಪರದೆಯ ಮೇಲೆ ಹುಡುಕುವುದು ದಿನದ ಕೆಲಸವಾಯಿತು. ಪತ್ರ ಬರೆಯುವವರು, ಮಂಡಿಯವರು ತಮ್ಮದೇ ಪಟ್ಟಿಗಳನ್ನು ಇಟ್ಟುಕೊಂಡರು. ನಾನು ಹೇಳುತ್ತಿರುವ ತೊಡಕುಗಳು ಇಂಥ ಖಾಸಗಿ ಪಟ್ಟಿಗಳವು.

ಅವುಗಳಲ್ಲಿ ಬಹುಪಾಲು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದವು. ಆ ಫಾಂಟ್‌ನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ. ದೊಡ್ಡ 'ಡಿ' ಜಾಗದಲ್ಲಿ 'ಆ' ಇರುತ್ತದೆ, ಸಣ್ಣ 'ಡಿ' ಜಾಗದಲ್ಲಿ 'ಜ'. ರೋಫಿಲ್ಟರ್ ಆದರೋ ತಾನಾಗಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಮಾಡುವುದಿಲ್ಲ. ಹಾಗಾಗಿ 'ಆ'ದಿಂದ ಶುರುವಾಗುವ ಹೆಸರು ಕೇಳಿದರೆ 'ಜ'ದವರೂ ಬಂದು ಕೂರುತ್ತಾರೆ. ಟೇಬಲ್ಲಿನ ಕೇಸ್‌ಸೆನ್ಸಿಟಿವ್ ಗುಣವನ್ನು ಟ್ರೂ ಮಾಡಿದರೆ ಸರಿಹೋಗುತ್ತದೆ. ಕಾರಣ ತಿಳಿಯದೆ ಗ್ರಿಡ್ಡನ್ನೇ ಬೈದುಕೊಂಡು ಎಷ್ಟು ದಿನ ಕಳೆದಿದ್ದೇವೆ!

ಯೂನಿಕೋಡ್ ಬಂದ ಮೇಲೆ ಆ ಕಾಟ ತೀರಿತು, ಇನ್ನೊಂದು ಹುಟ್ಟಿತು. 'ಕೋಲಾರ'ವನ್ನೇ ನೋಡಿ. 'ಕೋ'ದ ಸ್ವರಚಿಹ್ನೆ ಒಂದೇ ಸಂಕೇತವಾಗಿದ್ದರೆ ಇಡೀ ಪದ ಐದು ಸಂಕೇತ. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಬಿಡಿಸಿ ಇಟ್ಟಿದ್ದರೆ ಏಳು. ಪರದೆಯ ಮೇಲೆ ಎರಡೂ ಒಂದೇ. ಸಂಕೇತಕ್ಕೆ ಸಂಕೇತ ಹೋಲಿಸುವ ಫಿಲ್ಟರ್‌ಗೆ ಮಾತ್ರ ಅವು ಬೇರೆ ಬೇರೆ ಊರು. ಅನುಮಾನ ಬಂದರೆ ಪದದ ಉದ್ದ ಎಣಿಸಿ ನೋಡಬೇಕು. ಹುಡುಕುವ ಪದವನ್ನೂ ಪಟ್ಟಿಯ ಪದವನ್ನೂ ನಾರ್ಮಲೈಜ್ ಮಾಡಿದ ಮೇಲೆಯೇ, ಅಂದರೆ ಒಂದೇ ಸಂಕೇತರೂಪಕ್ಕೆ ತಂದ ಮೇಲೆಯೇ, ಹೋಲಿಸಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಮತ್ತೊಂದು. ಫಿಲ್ಟರ್ ಹಾಕಿದ ಗ್ರಿಡ್ಡಿನ ಮೂರನೇ ಸಾಲು ಮೂಲ ಟೇಬಲ್ಲಿನ ಮೂರನೆಯದೇ ಆಗಿರಬೇಕಿಲ್ಲ. ಅದೇ ಸಂಖ್ಯೆ ಹಿಡಿದು ತಿದ್ದಿದರೆ ಇನ್ನೊಬ್ಬರ ಜಮೀನಿನ ಸಾಲು ಬದಲಾಗಬಹುದು. ಸಾಲಿನ ಸ್ಥಾನವನ್ನಲ್ಲ, ಅದರ ಗುರುತಿನ ಕೀಲಿಯನ್ನು ಹಿಡಿಯಬೇಕು.

ಒಬ್ಬರು ಮುಳಬಾಗಿಲು, ಇನ್ನೊಬ್ಬರು ಮುಳಬಾಗಲು ಎಂದು ಬರೆದದ್ದನ್ನು ಯಾವ ನಾರ್ಮಲೈಜೂ ಕೂಡಿಸದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮೇಲೆ ಚಿಂತಾಮಣಿಯ ಹಳೆಯ ಸಾಲಿನಲ್ಲಿ ಕೋಲಾರ ಜಿಲ್ಲೆ ಎಂದೇ ಉಳಿದಿರುತ್ತದೆ. ಅಂಥ ಕಡೆ ಹೆಸರಿನ ಪಕ್ಕದಲ್ಲಿ ತಾಲ್ಲೂಕಿಗೊಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಮೇಲೆಯೇ ಫಿಲ್ಟರ್ ಹಾಕಬೇಕು.